ತೋಳಿನುದ್ದದ ಕೆಳಗೆ

ಹಾರ್ಲನ್ ಪಟ್ಟಣದ 'ಬೀಕನ್' ಪತ್ರಿಕೆಯನ್ನು ನಮ್ಮ ಮನೆಗೆ ತರಿಸುತ್ತಿರಲಿಲ್ಲ. ಆದರೂ ಅದು ನಮ್ಮನ್ನು ಆ ವಾರ ಏನೆಂದು ಬೈದಿದೆ ಎನ್ನುವುದು ನಮ್ಮೂರು ವಿಲೋ ಫೋರ್ಕಿನ ಪ್ರತಿ ಅಡುಗೆಮನೆಗೂ ಬುಧವಾರ ಸಂಜೆಯೊಳಗೆ ತಲುಪಿಬಿಡುತ್ತಿತ್ತು. ಓದಿ ಹೊಟ್ಟೆ ಉರಿಸಿಕೊಳ್ಳುವುದಕ್ಕೆಂದೇ ಅದನ್ನು ತರಿಸುವವರು ಊರಿನಲ್ಲಿದ್ದರು. ನಮ್ಮ ಬಿಷಪ್ ಥೋರುಪ್ ಅವರೇ ಅವರಲ್ಲಿ ಮೊದಲಿಗರು.

ನಾವು ನಮ್ಮನ್ನು ಸಂತರು ಎಂದು ಕರೆದುಕೊಳ್ಳುತ್ತೇವೆ. ಬೀಕನ್ ನಮ್ಮನ್ನು ಮಾರ್ಮನ್ನರು ಎನ್ನುತ್ತದೆ, ಅದೂ ಬಾಯಲ್ಲಿ ಕಲ್ಲು ಸಿಕ್ಕವರ ಹಾಗೆ. ಅದರ ಪ್ರಕಾರ ಇಡಾಹೊ ಪ್ರಾಂತ್ಯದಲ್ಲಿ ಹಸು ಕಂದು ಹಾಕಿದರೂ ನಾವೇ ಕಾರಣ. ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಪಾಪಗಳು ಇನ್ನಷ್ಟು ಬೆಳೆಯುತ್ತಿದ್ದವು. ನಮ್ಮ ಗಂಡಸರೆಲ್ಲ ಒಂದೇ ಕಡೆ ಮತ ಹಾಕುತ್ತಿದ್ದರು. ಕರ್ನಲ್ ಪೆಂಡ್ರಿ ಎಂಬಾತ ಇನ್ನೊಂದು ಕಡೆಯಿಂದ ಶಾಸನಸಭೆಗೆ ನಿಂತಿದ್ದ. ಆ ಕರ್ನಲ್ ಯಾವ ಯುದ್ಧದಲ್ಲಿ ಕರ್ನಲ್ ಆದನೋ ಯಾರಿಗೂ ಗೊತ್ತಿರಲಿಲ್ಲ. ಬೀಕನ್ನಿನ ಅಚ್ಚಿನ ಯಂತ್ರ ಅವನೇ ಕೊಡಿಸಿದ್ದು ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಸಾವಿರದ ಎಂಟುನೂರ ಎಂಬತ್ತನಾಲ್ಕರ ಅಕ್ಟೋಬರಿನಲ್ಲಿ ಪತ್ರಿಕೆ ನನ್ನ ಕಣಜಕ್ಕೆ ಕೈ ಹಾಕಿತು.

ನನ್ನ ಕಣಜ ಎಂದೆ, ಆದರೆ ಅದು ಊರಿನ ಹೆಂಗಸರ ಸಂಘದ್ದು. ಬರಗಾಲಕ್ಕೆಂದು ಗೋಧಿ ಕೂಡಿಡಿ ಎಂದು ಸಾಲ್ಟ್ ಲೇಕಿನಲ್ಲಿರುವ ನಮ್ಮ ಚರ್ಚಿನ ಹಿರಿಯರು ಗಂಡಸರಿಗೆ ಹೇಳಿ ಹೇಳಿ ಸಾಕಾಗಿ, ಕೊನೆಗೆ ಆ ಕೆಲಸವನ್ನು ಹೆಂಗಸರಿಗೆ ವಹಿಸಿದ್ದರು. ನಮಗೆ ಹೊಲವಿಲ್ಲ, ಹೊಲ ಗಂಡಂದಿರದು. ಹಾಗಾಗಿ ಕೊಯ್ಲಾದ ಮೇಲೆ ಉಳಿದ ತೆನೆಗಳನ್ನು ಬಗ್ಗಿ ಬಗ್ಗಿ ಹಕ್ಕಲು ಆಯ್ದೆವು. ಬಡಿದೆವು, ತೂರಿದೆವು, ಕೋಳಿಮೊಟ್ಟೆ ಮಾರಿ ಹಲಗೆ ಮೊಳೆ ತಂದು ಕಣಜ ಕಟ್ಟಿಸಿದೆವು. ಅದರ ಉಸ್ತುವಾರಿ ನನ್ನದು. ನಮ್ಮಲ್ಲಿ ಹೆಂಗಸರನ್ನು ಎಲ್ಲರೂ ಅಕ್ಕ, ತಂಗಿ ಎಂದೇ ಕರೆಯುವುದು. ನನ್ನ ಹೆಸರು ತಿರ್ಜಾ; ತಿರ್ಜಕ್ಕನ ಕಣಜ ಎಂದರೆ ಊರಿನ ನಾಯಿಗೂ ಗೊತ್ತು. ಎಷ್ಟೋ ಬೇಸಿಗೆಗಳ ಸೊಂಟನೋವು ಅದರೊಳಗಿತ್ತು.

ಕೆಲ್ಸೊ ಎಂಬ ಬೀಕನ್ನಿನ ಸಂಪಾದಕ ಒಂದು ದಿನ ಗಾಡಿ ಹೊಡೆದುಕೊಂಡು ನಮ್ಮೂರ ಮೇಲೆ ಹಾದುಹೋದ. ಕಣಜದ ಹತ್ತಿರ ಆಡುತ್ತಿದ್ದ ನನ್ನ ಮಗಳು ಹುಲ್ದಾಳನ್ನು ಮಾತಾಡಿಸಿದನಂತೆ.

"ಏನಮ್ಮಾ ಪುಟ್ಟೀ, ಇದರೊಳಗೆ ಏನಿದೆ?"

"ಗೊತ್ತಿಲ್ಲ."

"ನಿಮ್ಮಪ್ಪ ಯಾರು?"

"ಗೊತ್ತಿಲ್ಲ."

"ಸರಿ, ನಿನ್ನ ಹೆಸರಾದ್ರೂ ಗೊತ್ತಾ?"

"ಗೊತ್ತಿಲ್ಲ."

ಇದು ಹುಲ್ದಾಳ ತಪ್ಪಲ್ಲ. ನಮ್ಮ ಮಕ್ಕಳಿಗೆಲ್ಲ ಪ್ರಾರ್ಥನೆ ಕಲಿಸುವ ಮೊದಲೇ ನಾವು ಕಲಿಸುತ್ತಿದ್ದ ಪಾಠ ಅದು. ನಮ್ಮಲ್ಲಿ ಕೆಲವರಿಗೆ ಇಬ್ಬರು ಹೆಂಡಿರು, ಕಾನೂನಿಗೆ ಅದು ಅಪರಾಧ; ಅಂಥವರನ್ನು ಹಿಡಿಯಲು ಸರ್ಕಾರದ ಮಾರ್ಷಲ್‌ಗಳು ಬರುತ್ತಿದ್ದರು. ಅಪರಿಚಿತರು ಏನು ಕೇಳಿದರೂ 'ಗೊತ್ತಿಲ್ಲ' ಎನ್ನಬೇಕು. ನಮ್ಮ ಸಂಘದ ಅಧ್ಯಕ್ಷೆ ಲೊವೀನಕ್ಕನ ಗಂಡ ಹುಲ್ಲಿನ ಬಣವೆಯೊಳಗೆ ಅಡಗಿ ಸೀನು ತಡೆದುಕೊಂಡದ್ದು ಒಂದೆರಡು ಸಲವಲ್ಲ. ನನ್ನ ಯೆನ್ಸ್‌ಗೆ ಇರುವ ಹೆಂಡತಿ ನಾನೊಬ್ಬಳೇ. ಇನ್ನೊಬ್ಬಳನ್ನು ತಂದರೆ ಹಾಲು ಕರೆಯುವ ಮಣೆಯಿಂದ ತಲೆ ಒಡೆಯುತ್ತೇನೆ ಎಂದು ಮದುವೆಗೆ ಮೊದಲೇ ಹೇಳಿದ್ದೆ. ಆದರೂ ನನ್ನ ಮಗಳಿಗೂ ಅದೇ ಪಾಠ ಕಲಿಸಿದ್ದೆ, ಊರಿಗೊಂದು ದಾರಿ ನಮಗೊಂದು ದಾರಿ ಆಗುವುದಿಲ್ಲವಲ್ಲ.

ಬುಧವಾರ ಬೀಕನ್ ಬಂತು. 'ಮಾರ್ಮನ್ನರ ಕಣಜದಲ್ಲಿ ಏನಿದೆ? ತಂದೆಯ ಹೆಸರನ್ನೂ ಹೇಳದಂತೆ ಹೆದರಿಸಿಟ್ಟ ಏಳು ವರ್ಷದ ಮಗು. ಗೋಧಿಗೆ ಇಷ್ಟು ಗುಟ್ಟು ಬೇಕೇ? ಬಂದೂಕಿಗಾದರೆ ಬೇಕಲ್ಲವೇ?' ಶನಿವಾರ ಹಾರ್ಲನ್ನಿನ ಚೌಕದಲ್ಲಿ ಕರ್ನಲ್ ಪೆಂಡ್ರಿ ಪೆಟ್ಟಿಗೆಯೊಂದರ ಮೇಲೆ ನಿಂತು ಅದನ್ನೇ ಓದಿದ. ಭಾನುವಾರದ ಹೊತ್ತಿಗೆ ಬಂದೂಕುಗಳು ಇನ್ನೂರಾಗಿದ್ದವು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂದು ಚರ್ಚಿನ ಸಭೆ ಮುಗಿದ ಮೇಲೆ ಬಿಷಪ್ಪರನ್ನು ಬಾಗಿಲಲ್ಲೇ ಹಿಡಿದೆ. ಲೊವೀನಕ್ಕನೂ ಅಲ್ಲೇ ಇದ್ದಳು.

"ಆ ಮನುಷ್ಯನ್ನ ಕರೆಸೋಣ. ಬಾಗಿಲು ತೆಗೆದು ತೋರಿಸಿಬಿಡೋಣ. ಗೋಧಿ ಗೋಧಿನೇ ಅಲ್ವಾ? ಅದು ನೋಡಿದವರ ಕಣ್ಣಿಗೆ ಬಂದೂಕಾಗಿ ಕಾಣುತ್ತಾ?"

"ಅವನ ಕಣ್ಣಿಗೆ ಕಾಣುತ್ತೆ ಕಣೇ," ಎಂದಳು ಲೊವೀನಕ್ಕ. "ಸುಮ್ನಿರು. ಚುನಾವಣೆ ಕಳೀಲಿ. ಇದಕ್ಕಿಂತ ದೊಡ್ಡ ಸುಳ್ಳು ಕೇಳಿಲ್ವಾ ನಾವು?"

"ಸುಮ್ನಿದ್ದು ಸುಮ್ನಿದ್ದೇ ಹಿಂಗಾಗಿರೋದು ಅಕ್ಕ! ಮಗು 'ಗೋಧಿ' ಅಂತ ಒಂದು ಮಾತು ಅಂದಿದ್ರೆ ಇಷ್ಟೆಲ್ಲ ಆಗ್ತಿತ್ತಾ?"

ಅವಳ ಮುಖ ಬಿಗಿಯಿತು. 'ಸುಮ್ಮನಿರುವುದು' ಅವಳ ಮನೆಯ ಗಂಡಸನ್ನು ಜೈಲಿನಿಂದ ಉಳಿಸಿದ ವಿದ್ಯೆ. ಅದನ್ನು ನಾನು ಹಳಿದದ್ದು ಅವಳಿಗೆ ಚುಚ್ಚಿತು. ನನಗದು ಗೊತ್ತಾಯಿತು, ಆದರೂ ಬಾಯಿ ನಿಲ್ಲಲಿಲ್ಲ.

ಬಿಷಪ್ ಗಡ್ಡ ಸವರಿಕೊಂಡರು. "ತಂಗೀ ತಿರ್ಜಾ, ಕರೆಸೋದಾದ್ರೆ ಕರೆಸು. ಆದರೆ ಹೊರಗಿನವನಿಗೆ ಬಾಗಿಲು ತೆಗೆಯೋದು ನಮ್ಮ ಪದ್ಧತಿ ಅಲ್ಲ. ಏನಾದ್ರೂ ಎಡವಟ್ಟಾದ್ರೆ?"

"ನನ್ನ ತಲೆ ಮೇಲೆ ಹಾಕಿ. ಆ ಕಣಜದ ಉಸ್ತುವಾರಿ ಬಿಟ್ಟುಕೊಡ್ತೀನಿ."

"ಎಲ್ಲರೂ ಕೇಳಿಸಿಕೊಂಡ್ರಲ್ಲ," ಎಂದರು ಬಿಷಪ್.

ಮಾರನೇ ದಿನವೇ ಯೆನ್ಸ್‌ನ ಗಾಡಿ ಹೊಡೆದುಕೊಂಡು ಒಬ್ಬಳೇ ಹಾರ್ಲನ್ನಿಗೆ ಹೋದೆ. ಕೆಲ್ಸೊನ ಕಚೇರಿ ಎಂದರೆ ಒಂದು ಕೋಣೆ, ಒಂದು ಯಂತ್ರ, ಮೈಯೆಲ್ಲ ಮಸಿ ಮೆತ್ತಿಕೊಂಡ ಒಬ್ಬ ಬಡಕಲು ಮನುಷ್ಯ. ರಾಕ್ಷಸನನ್ನು ನೋಡುತ್ತೇನೆ ಎಂದುಕೊಂಡು ಹೋಗಿದ್ದೆ. ಅವನು ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟ.

"ನೀವು ಬರೆದದ್ದು ಸುಳ್ಳು ಸ್ವಾಮಿ."

"ನಾನೆಲ್ಲಿ ಬರೆದೆ ಅಮ್ಮಾ? ಕೇಳಿದೆ ಅಷ್ಟೇ. ಕೊನೇಲಿ ಪ್ರಶ್ನೆ ಚಿಹ್ನೆ ಇದೆ ನೋಡಿ."

"ಹಂಗಾದ್ರೆ ಉತ್ತರ ಬಂದು ನೋಡಿ. ಬಾಗಿಲು ತೆಗೀತೀನಿ. ಕಂಡದ್ದನ್ನ ಕಂಡ ಹಾಗೆ ಬರೀತೀರಾ?"

ಅವನು ನಿಜಕ್ಕೂ ಆಶ್ಚರ್ಯಪಟ್ಟ. "ನಿಮ್ಮ ಜನ ಬಾಗಿಲು ತೆಗೀತಾರಾ?" ಎಂದ. ಆಮೇಲೆ ಎದೆ ಮುಟ್ಟಿಕೊಂಡು, "ಕಂಡ ಹಾಗೇ ಬರೀತೀನಿ. ಮಾತು," ಎಂದ.

ಗುರುವಾರ ಬಂದ. ಊರಿನ ಹೆಂಗಸರೆಲ್ಲ ದೂರ ನಿಂತು ನೋಡುತ್ತಿದ್ದರು, ಒಬ್ಬರೂ ಹತ್ತಿರ ಬರಲಿಲ್ಲ. ನಾನು ಬೀಗ ತೆಗೆದೆ. ಒಳಗೆ ಗೋಧಿಯ ಬೆಚ್ಚನೆಯ ವಾಸನೆ. ಅವನು ಟೊಪ್ಪಿ ತೆಗೆದು, ಅಂಗಿಯ ತೋಳು ಮಡಿಸಿ, ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡು ಅಗಿದ. "ಒಳ್ಳೇ ಗೋಧಿ," ಎಂದ. ಆಮೇಲೆ ರಾಶಿಯೊಳಗೆ ಕೈಯನ್ನು ಭುಜದವರೆಗೂ ಇಳಿಸಿ ತಡಕಾಡಿದ. ಮೂರು ನಾಲ್ಕು ಕಡೆ ಹಾಗೆ ಮಾಡಿದ. ಕೈಗೆ ಸಿಕ್ಕಿದ್ದು ಒಂದು ಸತ್ತ ಇಲಿಮರಿ. ನನಗೆ ನಾಚಿಕೆಯಾಯಿತು, ಅವನು ನಕ್ಕ.

ಮನೆಗೆ ಕರೆದು ರೊಟ್ಟಿ, ಬೆಣ್ಣೆ, ಪ್ಲಮ್ ಹಣ್ಣಿನ ಮುರಬ್ಬ ಕೊಟ್ಟೆ. ಕಾಫಿ ಇದೆಯೇ ಎಂದು ಕೇಳಿದ. ನಾವು ಕುಡಿಯುವುದಿಲ್ಲ ಎಂದು ಮಜ್ಜಿಗೆ ಕೊಟ್ಟೆ. ಅದನ್ನೂ ಕುಡಿದ. ತನ್ನ ಹೆಂಡತಿಗೆ ಎದೆನೋವೆಂದು ಹೇಳಿಕೊಂಡ. ಹುಲ್ದಾಳಿಗೆ ಪೆನ್ಸಿಲ್ಲಿನ ತುಂಡು ಕೊಟ್ಟು, "ಈಗಾದ್ರೂ ಹೆಸರು ಹೇಳ್ತೀಯಾ?" ಎಂದು ಕೇಳಿದ. ಅವಳು ನನ್ನ ಮುಖ ನೋಡಿದಳು. ಹೇಳು ಎಂದೆ, ಹೇಳಿದಳು.

ಅವನು ಹೋದ ಮೇಲೆ ನಾನು ಯೆನ್ಸ್‌ಗೆ, "ನೋಡಿದ್ರಾ? ಮನುಷ್ಯರನ್ನ ಮನೆಯೊಳಗೆ ಕರೆದು ಮಾತಾಡಿಸಿದ್ರೆ ಎಲ್ಲ ಸರಿಹೋಗುತ್ತೆ," ಎಂದೆ. ಯೆನ್ಸ್ ಹೆಚ್ಚು ಮಾತಿನವನಲ್ಲ. "ಬುಧವಾರ ಬರಲಿ ಕಣೇ," ಎಂದ.

ಬುಧವಾರ ಬಂತು. ಬಿಷಪ್ಪರೇ ಪತ್ರಿಕೆ ಹಿಡಿದುಕೊಂಡು ಮನೆಗೆ ಬಂದರು. ಅದರಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ, ಹಾಳಾದವನು ಕಂಡದ್ದನ್ನು ಕಂಡ ಹಾಗೇ ಬರೆದಿದ್ದ. ರೊಟ್ಟಿ ಚೆನ್ನಾಗಿತ್ತು ಎಂದು ಬರೆದಿದ್ದ. ಗೋಧಿ ಒಳ್ಳೆಯ ಗೋಧಿ ಎಂದು ಬರೆದಿದ್ದ. ಆಮೇಲೆ, 'ನಮ್ಮ ತೋಳು ಎಟುಕಿದಷ್ಟು ಆಳಕ್ಕೆ ಗೋಧಿಯೇ ಇತ್ತು. ತೋಳಿನುದ್ದದ ಕೆಳಗೆ ಏನಿದೆ ಎನ್ನುವುದು ದೇವರಿಗೂ ಅವರ ಬಿಷಪ್ಪನಿಗೂ ಮಾತ್ರ ಗೊತ್ತು. ಬರಿಯ ಗೋಧಿಯೇ ಎಂದುಕೊಂಡರೂ ಒಂದು ಪಡೆಯನ್ನು ಚಳಿಗಾಲವಿಡೀ ಸಾಕುವಷ್ಟು ಇದೆ. ಶಾಂತಿಯಿಂದಿರುವ ರೈತರಿಗೆ ಇಷ್ಟೇಕೆ?'

"ಪ್ರಶ್ನೆ ಚಿಹ್ನೆ," ಎಂದೆ ನಾನು. ಬಿಷಪ್ಪರಿಗೆ ಅರ್ಥವಾಗಲಿಲ್ಲ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬಂದೂಕಿಲ್ಲ ಎಂದು ತೋರಿಸಲು ಕರೆದೆ. ಗೋಧಿಯೇ ಆಯುಧವಾಗಿ ಹೋಯಿತು.

ತೋಳಿನುದ್ದದ ಕೆಳಗೆ ನೋಡಲು ಮಾರ್ಷಲ್ ಬಂದ, ಮತದಾನಕ್ಕೆ ಇನ್ನು ಕೆಲವೇ ದಿನಗಳಿದ್ದಾಗ. ಜೊತೆಗೆ ಸಲಿಕೆ ಹಿಡಿದ ಆರೇಳು ಜನ. ಒಳಗೇ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿ ನೋಡಿ ಎಂದು ಅಂಗಲಾಚಿದೆ.

"ಜಾಗ ಇಲ್ಲಮ್ಮಾ ಒಳಗೆ. ಹೊರಗೆ ಹಾಕಿ ನೋಡ್ತೀವಿ."

"ಮೋಡ ಕಾಣ್ತಿಲ್ವಾ ನಿಮಗೆ? ನೆಲ ಒದ್ದೆ ಇದೆ. ಹಚ್ಚಡ ಹಾಸ್ತೀವಿ, ಒಂದು ಗಳಿಗೆ ತಡೀರಿ!"

ತಡೆಯಲಿಲ್ಲ. ಅಂಗಳದ ಕೆಸರಿನ ಮೇಲೆಯೇ ಸಲಿಕೆ ಸಲಿಕೆಯಾಗಿ ಎಸೆದರು. ಆಗ ಹೆಂಗಸರು ದೂರ ನಿಲ್ಲಲಿಲ್ಲ; ಹಾಸಿಗೆಯ ಮೇಲಿನ ಹಚ್ಚಡಗಳನ್ನು ಎಳೆದುಕೊಂಡು ಓಡಿಬಂದರು, ಉಡಿಯಲ್ಲಿ ತುಂಬಿಕೊಂಡರು. ಲೊವೀನಕ್ಕ ಮಂಡಿಯೂರಿ ಎರಡೂ ಕೈಯಲ್ಲಿ ಬಾಚುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ಅಷ್ಟರಲ್ಲಿ ಮಳೆ ಬಂತು. ಬರೀ ಮಳೆಯಲ್ಲ, ಹಿಮದ ಚೂರು ಬೆರೆತ ಮಳೆ. ಕಣಜದ ತಳದ ಹಲಗೆಗಳನ್ನೂ ಕಿತ್ತು ನೋಡಿದರು. ಮಣ್ಣಿತ್ತು. ಮಾರ್ಷಲ್ ಟೊಪ್ಪಿಯ ನೀರು ಕೊಡವಿ, "ಏನೂ ಇಲ್ಲ," ಎಂದ, ಏನೋ ನಾವೇ ಅವನಿಗೆ ಮೋಸ ಮಾಡಿದವರ ಹಾಗೆ.

ಅರ್ಧಕ್ಕಿಂತ ಹೆಚ್ಚು ಗೋಧಿ ನೆನೆದಿತ್ತು. ಒಲೆಯ ಮುಂದೆ, ಮಂಚದ ಮೇಲೆ, ಮಕ್ಕಳ ತೊಟ್ಟಿಲಲ್ಲಿ ಕೂಡ ಹರಡಿ ಒಣಗಿಸಿ ನೋಡಿದೆವು. ವಾರದೊಳಗೆ ಮೊಳಕೆಯೊಡೆದು ಹುಳಿನಾತ ಹೊಡೆಯಿತು. ಹಂದಿಗಳಿಗೆ ಹಾಕಿದೆವು. ನನ್ನ ಕೈಯಾರೆ ಆಯ್ದ ಕಾಳನ್ನು ನನ್ನ ಕೈಯಾರೆ ದೊಡ್ಡಿಗೆ ಸುರಿಯುವಾಗ ನಾನು ಗಟ್ಟಿಯಾಗಿ ಅತ್ತೆ, ಹಂದಿಗಳ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

'ಬಂದೂಕು ಸಿಗಲಿಲ್ಲ,' ಎಂದು ಬೀಕನ್ ಬರೆಯಿತು. 'ಮೊದಲೇ ಸಾಗಿಸಿದವರು ಯಾರು? ಮಾರ್ಷಲ್ ಬರುವ ಸುದ್ದಿ ಮಾರ್ಮನ್ನರಿಗೆ ತಿಳಿದದ್ದು ಹೇಗೆ?'

ಕರ್ನಲ್ ಪೆಂಡ್ರಿ ಗೆದ್ದ.

ಮತ ಎಣಿಕೆಯಾದ ವಾರ ಮತ್ತೆ ಹಾರ್ಲನ್ನಿಗೆ ಹೋದೆ. ಯೆನ್ಸ್ ಬೇಡವೆಂದ, ಕೇಳಲಿಲ್ಲ. ಕೆಲ್ಸೊ ಈ ಸಲವೂ ಕುರ್ಚಿ ಒರೆಸಿ ಕೊಟ್ಟ. ನಾನು ಕೂರಲಿಲ್ಲ.

"ಒಂದೇ ಒಂದು ಸಾಲು ಹಾಕಿ. ಅದರಲ್ಲಿ ಗೋಧಿನೇ ಇತ್ತು, ಹಾಳಾಯ್ತು ಅಂತ. ಅಷ್ಟೇ ಸಾಕು ನನಗೆ."

"ನನಗೂ ಬೇಜಾರಾಯ್ತು ಅಮ್ಮಾ, ದೇವರಾಣೆ. ಆದರೆ ಚುನಾವಣೆ ಮುಗೀತು. ಈಗ ಯಾರು ಓದ್ತಾರೆ ಅದನ್ನ?"

"ನಾನು ಓದ್ತೀನಿ!"

"ನೀವು ಪತ್ರಿಕೆ ತರಿಸೋದಿಲ್ವಲ್ಲ," ಎಂದ. ಕೆಣಕುವುದಕ್ಕಲ್ಲ, ನಿಜವಾಗಿಯೇ ಹಾಗೆಂದ. ಅವನಿಗೆ ನಮ್ಮ ಮೇಲೆ ದ್ವೇಷವೇನಾದರೂ ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನಮ್ಮನ್ನು ಕಂಡರೆ ಅವನಿಗೆ ಏನೂ ಇರಲಿಲ್ಲ. ವಾರಕ್ಕೊಂದು ಹಾಳೆ ತುಂಬಬೇಕಿತ್ತು, ಯಂತ್ರ ಕೊಡಿಸಿದವನು ಗೆಲ್ಲಬೇಕಿತ್ತು.

ಡಿಸೆಂಬರಿನ ಮೊದಲಲ್ಲಿ ಬಿಷಪ್ ಸಭೆ ಕರೆದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಬೆಂಚಿನ ಮೇಲೆ ಕೂತಿದ್ದೆವು. ತಂಗಿ ತಿರ್ಜಾಳನ್ನು ಕಣಜದ ಹೊಣೆಯಿಂದ ಬಿಡುಗಡೆ ಮಾಡಬೇಕು, ಉಳಿದ ಗೋಧಿಯನ್ನು ಬಿಷಪ್ಪರ ಉಗ್ರಾಣಕ್ಕೆ ಸೇರಿಸಬೇಕು, ಇನ್ನು ಮುಂದೆ ಅದನ್ನು ಗಂಡಸರು ನೋಡಿಕೊಳ್ಳುತ್ತಾರೆ ಎಂದು ಅವರು ಓದಿ ಹೇಳಿದರು. "ಒಪ್ಪುವವರು ಬಲಗೈ ಎತ್ತಿ," ಎಂದರು. ಎಲ್ಲ ಕೈಗಳೂ ಎದ್ದವು. ಲೊವೀನಕ್ಕನ ಕೈಯೂ ಎದ್ದಿತು, ತಡವಾಗಿ.

"ವಿರೋಧ ಇರುವವರು ಅದೇ ರೀತಿ ತೋರಿಸಿ."

ಇದನ್ನು ಪ್ರತಿ ಸಲ ಕೇಳುತ್ತಾರೆ, ಕೇಳುತ್ತಲೇ ಮುಂದಿನ ಹಾಡಿನ ಪುಟ ತಿರುಗಿಸುತ್ತಾರೆ. ವಿರೋಧವೆಂದು ಕೈ ಎತ್ತಿದವರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಾನು ಎತ್ತಿದೆ.

ಪುಟ ತಿರುಗಿಸುವ ಸದ್ದು ನಿಂತಿತು. ನನ್ನ ಪಕ್ಕದಲ್ಲಿದ್ದವಳು ಸ್ವಲ್ಪ ಸರಿದು ಕೂತಳು.

"ತಂಗೀ, ನೀನೇ ಹೇಳಿದ್ದೆಯಲ್ಲ, ಉಸ್ತುವಾರಿ ಬಿಟ್ಟುಕೊಡ್ತೀನಿ ಅಂತ," ಎಂದರು ಬಿಷಪ್, ಮೆಲ್ಲಗೆ.

"ಬಿಟ್ಟುಕೊಟ್ಟೆ. ನಾನು ನಂಬಬಾರದವನನ್ನ ನಂಬಿದೆ, ನನ್ನನ್ನ ತೆಗೀರಿ. ಆದರೆ ಗೋಧಿ ಹೆಂಗಸರದ್ದು. ಬಗ್ಗಿ ಆಯ್ದವರು ಅವರು, ಕೆಸರಲ್ಲಿ ಬಾಚಿದವರೂ ಅವರು. ನನ್ನ ಬದಲು ಲೊವೀನಕ್ಕನಿಗೆ ಕೊಡಿ. ಯಾರಿಗಾದ್ರೂ ಕೊಡಿ. ಗಂಡಸರ ಉಗ್ರಾಣಕ್ಕೆ ಯಾಕೆ?"

ಬಿಷಪ್ ನನ್ನ ವಿರೋಧವನ್ನು ಬರೆದುಕೊಳ್ಳಲಾಗಿದೆ ಎಂದರು, ತೀರ್ಮಾನ ಬದಲಾಗಲಿಲ್ಲ. ಆಮೇಲೆ ಹಾಡು ಹಾಡಿದೆವು. ನಾನೂ ಹಾಡಿದೆ. ಇದು ನಮ್ಮ ಮನೆಯ ಜಗಳ, ಇಂಥ ಜಗಳ ಮಾಡಿಯೂ ಮಾರನೇ ದಿನ ಹಾಲಿಗೆ ಹೆಪ್ಪು ಕೇಳಲು ಪಕ್ಕದ ಮನೆಗೆ ಹೋಗಬಹುದು ಎಂದುಕೊಂಡೆ. ಹೋದೆ ಕೂಡ. ಹೆಪ್ಪು ಕೊಟ್ಟರು.

ಆ ಮಾತು ಹಾರ್ಲನ್ನಿಗೆ ಯಾರು ಮುಟ್ಟಿಸಿದರೋ ಇವತ್ತಿಗೂ ಗೊತ್ತಿಲ್ಲ. ಬುಧವಾರದ ಬೀಕನ್ನಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ನನ್ನ ಹೆಸರಿತ್ತು. 'ಬಿಷಪ್ಪನ ವಿರುದ್ಧ ಸಿಡಿದೆದ್ದ ಮಾರ್ಮನ್ ಹೆಂಗಸು. ನಮ್ಮನ್ನು ಕಣಜದೊಳಗೆ ಬರಮಾಡಿಕೊಂಡ ಧೀರೆ ಇವಳೇ. ಇಂಥ ಎಷ್ಟು ಹೆಂಗಸರು ಬಿಡುಗಡೆಗಾಗಿ ಕಾದಿದ್ದಾರೆ?' ಕೆಲ್ಸೊ ನನಗೆಂದೇ ಒಂದು ಪ್ರತಿ ಕಳಿಸಿದ್ದ, ದುಡ್ಡಿಲ್ಲದೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ 'ಗೌರವಪೂರ್ವಕ' ಎಂದು ಬರೆದಿದ್ದ. ಗೋಧಿಯ ಬಗ್ಗೆ ಒಂದು ಸಾಲು ಕೇಳಿದ್ದೆ. ನನ್ನ ಬಗ್ಗೆ ಒಂದಿಡೀ ಪುಟ ಕೊಟ್ಟ.

ಅದನ್ನು ಒಲೆಗೆ ಹಾಕಿದೆ. ಹಾಕಿದರೇನು, ಜನವರಿಯಲ್ಲಿ ಕರ್ನಲ್ ಪೆಂಡ್ರಿ ಪ್ರಾಂತ್ಯದ ರಾಜಧಾನಿ ಬೊಯಿಸಿಯ ಶಾಸನಸಭೆಯಲ್ಲಿ ಎದ್ದುನಿಂತು ಅದೇ ಪುಟ ಓದಿದನಂತೆ. ಅವರ ಹೆಂಗಸರೇ ಅವರ ವಿರುದ್ಧ ಕೈ ಎತ್ತಿದ್ದಾರೆ, ನಾವು ಸುಮ್ಮನಿರುವುದೇ ಎಂದನಂತೆ. ಚಳಿಗಾಲ ಮುಗಿಯುವುದರೊಳಗೆ ಕಾನೂನು ಬಂತು. ಮತ ಹಾಕುವವರು ನಮ್ಮ ಪಂಗಡಕ್ಕೆ ಸೇರಿದವರಲ್ಲ ಎಂದು ಆಣೆ ಮಾಡಬೇಕು. ಇಬ್ಬರು ಹೆಂಡಿರಿದ್ದವರಷ್ಟೇ ಅಲ್ಲ, ಒಬ್ಬಳಿದ್ದವರೂ, ಮದುವೆಯೇ ಆಗದವರೂ ಮತ ಕಳೆದುಕೊಂಡರು. ಯೆನ್ಸ್ ಸುದ್ದಿ ಕೇಳಿ ಬಂದು ಬೂಟು ಬಿಚ್ಚದೆ ಬಹಳ ಹೊತ್ತು ಕೂತಿದ್ದ. ಡೆನ್ಮಾರ್ಕಿನಿಂದ ಬಂದು ಈ ದೇಶದ ಪ್ರಜೆಯಾದ ದಿನ ಅವನು ಕೊಂಡ ಹೊಸ ಕೋಟನ್ನು ಮತ ಹಾಕುವ ದಿನ ಬಿಟ್ಟು ಇನ್ನಾವ ದಿನವೂ ಹಾಕಿಕೊಂಡವನಲ್ಲ.

"ನನ್ನಿಂದ ಆಯ್ತಾ ಇದು?" ಎಂದು ಕೇಳಿದೆ.

"ಅವರು ಹೆಂಗೂ ಮಾಡೋರು ಕಣೇ. ನಿನ್ನ ಕೈ ಇಲ್ದಿದ್ರೆ ಇನ್ಯಾರದ್ದೋ ಕೈ." ಅವನು ನನ್ನನ್ನು ದೂರಲಿಲ್ಲ. ಆದರೆ ಊರು ಯೆನ್ಸ್ ಅಲ್ಲ. ಹೆಪ್ಪಿಗೆ ಹೋದರೆ ಹಾಲು ಒಡೆದಿದೆ ಎನ್ನತೊಡಗಿದರು. ಹುಲ್ದಾಳ ಜೊತೆ ಆಡುವ ಮಕ್ಕಳು ನಾನು ಹತ್ತಿರ ಹೋದರೆ ಮಾತು ನಿಲ್ಲಿಸುತ್ತಿದ್ದರು.

ಒಂದು ಮಧ್ಯಾಹ್ನ ಲೊವೀನಕ್ಕ ಬಂದಳು. ಬಿಷಪ್ಪರ ಮನೆಯಿಂದ ತಂದ ಆ ಪತ್ರಿಕೆಯ ಪುಟ ಮಡಿಸಿ ಮಡಿಸಿ ಸವೆದುಹೋಗಿತ್ತು. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ಕೇಳಬೇಕು ಅಂತ ಬಂದೆ ತಿರ್ಜಾ. ಬಿಡುಗಡೆ ಬೇಕು ಅಂತ ಅವನ ಹತ್ರ ಹೇಳ್ಕೊಂಡೆಯಾ? ಎರಡೆರಡು ಸಲ ಒಬ್ಬಳೇ ಹೋಗಿದ್ದೆಯಲ್ಲ ಅಲ್ಲಿಗೆ."

"ಅಕ್ಕ, ಆ ಸಭೇಲಿ ನೀನೂ ಇದ್ದೆ. ನಾನು ಏನಂದೆ ಅಂತ ನಿನ್ನ ಕಿವಿಯಾರೆ ಕೇಳಿದೀಯ. ನಿನ್ನ ಹೆಸರೇ ಹೇಳಿದೆ, ನಿನಗೆ ಕೊಡಿ ಅಂದೆ."

"ಅಂದೆ. ಆದರೆ ಇಲ್ಲಿ ಬೇರೆ ಥರ ಇದೆಯಲ್ಲ."

"ಬಂದೂಕು ಇದೆ ಅಂತಲೂ ಅದರಲ್ಲೇ ಇತ್ತು! ನಿನ್ನ ಉಗುರಲ್ಲಿ ಕೆಸರು ಸೇರಿತ್ತು ಅಕ್ಕ, ಅವತ್ತು ಬಂದೂಕು ಸಿಕ್ತಾ ನಿನಗೆ? ನಾನು ಇಲ್ಲೇ ನಿನ್ನ ಎದುರಿಗೇ ಇದೀನಿ. ನನ್ನನ್ನ ಕೇಳು. ಅದನ್ನ ಯಾಕೆ ನೋಡ್ತೀಯಾ?"

ಅವಳು ಹೌದೆನ್ನುವಂತೆ ತಲೆಯಾಡಿಸಿದಳು. ನನ್ನನ್ನು ನಂಬಬೇಕು ಎನ್ನುವ ಆಸೆ ಅವಳ ಮುಖದಲ್ಲಿ ನಿಜವಾಗಿಯೂ ಇತ್ತು, ಅದನ್ನು ನಾನು ಕಂಡೆ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಲು ನೋಡಿದಳು. ಆಮೇಲೆ, ಏನೋ ತಪ್ಪಿಹೋಗಿರಬಹುದು ಎನ್ನುವ ಹಾಗೆ, ಮೇಜಿನ ಮೇಲೆ ಬಗ್ಗಿ ಆ ಪುಟವನ್ನು ಮೊದಲಿನಿಂದ ಓದತೊಡಗಿದಳು.